ಬಾತ್‌ನಲ್ಲಿ ಬ್ರಿಜರ್ಟನ್ ಜಾಗಗಳು: ಯಾವ ವಾಕಿಂಗ್ ಟೂರ್ ಯಾರಿಗೆ ಸರಿ?

ನೆಟ್‌ಫ್ಲಿಕ್ಸ್‌ನ ಬ್ರಿಜರ್ಟನ್ ಸೀರಿಯಲ್‌ನ ಕಥೆ ಶುರುವಾಗುವುದು 1813ರ ಲಂಡನ್ನಿನಲ್ಲಿ. ಆದರೆ ಅದರ ಬೀದಿಗಳನ್ನು ಕಣ್ಣಾರೆ ನೋಡಬೇಕು ಅಂದರೆ ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಸುಮಾರು ಒಂದೂವರೆ ಗಂಟೆ ಪಶ್ಚಿಮಕ್ಕೆ ಬಂದು ಬಾತ್‌ನಲ್ಲಿ ಇಳಿಯಬೇಕು. ಲಂಡನ್ ಇನ್ನೂರು ವರ್ಷದಲ್ಲಿ ತುಂಬಾ ಬದಲಾಗಿದೆ. ಬಾತ್‌ನಲ್ಲಿ ಮಾತ್ರ ಬೀದಿಗೆ ಬೀದಿಯೇ ಹಳೆಯ ರೂಪದಲ್ಲಿ ಉಳಿದಿದೆ, ಅದೂ ಎಲ್ಲ ಒಂದೇ ಜೇನುಬಣ್ಣದ ಕಲ್ಲಿನಲ್ಲಿ. ಇಡೀ ಊರಿಗೇ 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಹಳೆ ಕಾಲದ ಕಥೆ ತೆಗೆಯುವವರು ಇಲ್ಲಿಗೆ ಬಂದರೆ ಅರ್ಧ ಸೆಟ್ ಖರ್ಚು ಉಳಿಯುತ್ತದೆ. ರಸ್ತೆಯ ಮೇಲಿನ ಹಳದಿ ಗೆರೆ ಕಾಣದ ಹಾಗೆ ಜಲ್ಲಿ ಸುರಿದು, ಕಾರುಗಳನ್ನು ಆಚೆ ಕಳಿಸಿ, ಕುದುರೆಗಾಡಿ ತಂದು ನಿಲ್ಲಿಸಿದರೆ ಆಯಿತು.

ಬ್ರಿಸ್ಟಲ್, ಸ್ವಿಂಡನ್, ರೆಡಿಂಗ್ ಕಡೆ ಇರುವ ನಮ್ಮವರಿಗೆ ಬಾತ್ ಹತ್ತಿರದ ಊರು. ಬ್ರಿಸ್ಟಲ್‌ನಿಂದಂತೂ ರೈಲಿನಲ್ಲಿ ಕಾಲು ಗಂಟೆ ಸಾಕು. ಬೇಸಿಗೆಯಲ್ಲಿ ಊರಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದಿದ್ದರೆ ಒಂದು ದಿನ ಬಾತ್‌ಗೆ ಅಂತಲೇ ಎತ್ತಿಡುತ್ತೇವೆ. ಇಂಟರ್ನೆಟ್‌ನಲ್ಲಿ ಹುಡುಕಲು ಕೂತಾಗ ತಲೆ ಕೆಡುವುದು. ಬ್ರಿಜರ್ಟನ್ ಟೂರ್, ಜೇನ್ ಆಸ್ಟಿನ್ ಟೂರ್, ಫ್ರೀ ಟೂರ್, ಲಂಡನ್‌ನಿಂದ ಬಸ್ ಟೂರ್, ಫೋನಿನಲ್ಲಿ ಕೇಳುವ ಆಡಿಯೊ ಟೂರ್... ಎಲ್ಲದರ ಚಿತ್ರದಲ್ಲೂ ಅದೇ ಅರ್ಧಚಂದ್ರದ ಕಟ್ಟಡ. ಒಂದಕ್ಕೆ ದುಡ್ಡೇ ಇಲ್ಲ, ಇನ್ನೊಂದಕ್ಕೆ ನೂರು ಪೌಂಡ್ ಹತ್ತಿರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಿಗೆ ಬೆಳಿಗ್ಗೆ ಮೇಯರ್ ಗೈಡ್‌ಗಳು ಅನ್ನುವ ಸ್ವಯಂಸೇವಕರ ಉಚಿತ ಟೂರ್, ಮಧ್ಯಾಹ್ನ ತಾವಾಗಿಯೇ ಬ್ರಿಜರ್ಟನ್ ಜಾಗಗಳ ಸುತ್ತಾಟ, ಇಷ್ಟು ಸಾಕು. ದುಡ್ಡು ಕೊಟ್ಟು ಸೀರಿಯಲ್ ಟೂರ್‌ಗೆ ಹೋಗಬೇಕಾದವರು ಬೇರೆ ಇದ್ದಾರೆ. ಅವರು ಯಾರು ಅನ್ನುವುದನ್ನು ಮುಂದೆ ನೋಡೋಣ.

ಇಲ್ಲಿ ಏನಿದೆ, ಏನಿಲ್ಲ

ಯಾವ ಟೂರ್ ಬುಕ್ ಮಾಡುವ ಮೊದಲೂ ಇದು ಗೊತ್ತಿರಬೇಕು. ಬ್ರಿಜರ್ಟನ್ ಕುಟುಂಬದ ಮನೆ ಬಾತ್‌ನಲ್ಲಿ ಇಲ್ಲ. ನೇರಳೆ ಹೂವಿನ ಬಳ್ಳಿ ಹಬ್ಬಿದ ಆ ಕೆಂಪು ಇಟ್ಟಿಗೆಯ ಮನೆ ಲಂಡನ್ನಿನ ಗ್ರೀನಿಚ್‌ನಲ್ಲಿರುವ ರೇಂಜರ್ಸ್ ಹೌಸ್. ಬಳ್ಳಿಯೂ ಶೂಟಿಂಗ್‌ಗೆ ಕಟ್ಟಿದ ನಕಲಿ. ಡ್ಯೂಕ್ ಸೈಮನ್ನನ ಹಳ್ಳಿಯ ಅರಮನೆ ಯಾರ್ಕ್‌ಷೈರ್‌ನ ಕಾಸಲ್ ಹೋವರ್ಡ್. ಎರಡನೇ ಸೀಸನ್‌ನಲ್ಲಿ ಎಲ್ಲರೂ ಹೋಗಿ ಉಳಿಯುವ ಆಬ್ರಿ ಹಾಲ್‌ನ ಹೊರನೋಟ ಲಂಡನ್ ಉತ್ತರಕ್ಕಿರುವ ರಾಥಮ್ ಪಾರ್ಕ್. ಇವುಗಳಿಗಾಗಿ ಬಾತ್‌ಗೆ ಬಂದವರು ನಿರಾಶರಾಗಿ ಹೋಗಿದ್ದು ನೋಡಿದ್ದೇನೆ.

ಬಾತ್‌ನಲ್ಲಿ ಇರುವುದು ಎದುರುಮನೆಯವರು. ಫೆದರಿಂಗ್ಟನ್ ಕುಟುಂಬದ ಮನೆಯ ಹೊರಭಾಗ ಅಂತ ತೋರಿಸುವುದು ನಂಬರ್ 1, ರಾಯಲ್ ಕ್ರೆಸೆಂಟ್, ಅಂದರೆ ಆ ಅರ್ಧಚಂದ್ರದ ಸಾಲಿನ ಮೊದಲ ಮನೆ. ಸೀರಿಯಲ್‌ನಲ್ಲಿ ಎರಡು ಮನೆಯೂ ಒಂದೇ ಚೌಕದ ಆಚೀಚೆ ಇದ್ದಂತೆ ಕಾಣುತ್ತವೆ, ಅಲ್ವಾ? ನಿಜದಲ್ಲಿ ನಡುವೆ ನೂರೈವತ್ತು ಕಿಲೊಮೀಟರ್‌ಗೂ ಹೆಚ್ಚು ದಾರಿ ಇದೆ. ಫೆದರಿಂಗ್ಟನ್ನರ ಮಗಳು ಪೆನೆಲಪಿ ಕಿಟಕಿಯಿಂದ ಇಣುಕಿ ನೋಡುವುದೆಲ್ಲ ಎಡಿಟಿಂಗ್ ಟೇಬಲ್‌ನ ಕೈಚಳಕ.

ಲೇಡಿ ಡ್ಯಾನ್ಬರಿಯ ಮನೆಯ ಹೊರನೋಟ ಹೋಲ್ಬರ್ನ್ ಮ್ಯೂಸಿಯಂ. ಅವಳು ಕೊಡುವ ಬಾಲ್, ಅಂದರೆ ನೃತ್ಯಕೂಟ, ನಡೆಯುವುದು ಅಸೆಂಬ್ಲಿ ರೂಮ್ಸ್‌ನಲ್ಲಿ. ಮದಾಮ್ ಡೆಲಕ್ರೊವಾಳ ಬಟ್ಟೆ ಅಂಗಡಿ ಅಬೆ ಗ್ರೀನ್ ಅನ್ನುವ ಪುಟ್ಟ ಚೌಕದ ಮೂಲೆಯಲ್ಲಿದೆ. ಇದಲ್ಲದೆ ಬ್ಯೂಫರ್ಡ್ ಸ್ಕ್ವೇರ್, ಆಲ್ಫ್ರೆಡ್ ಸ್ಟ್ರೀಟ್, ಸಾಲುಕಂಬಗಳ ಬಾತ್ ಸ್ಟ್ರೀಟ್ ಇವೆಲ್ಲ ಗಾಡಿ ಓಡಾಡುವ ದೃಶ್ಯಗಳಲ್ಲಿ ಬಂದು ಹೋಗುತ್ತವೆ.

ಈಗ ಈ ಜಾಗಗಳು ಎಲ್ಲೆಲ್ಲಿವೆ ಅನ್ನುವ ಲೆಕ್ಕ. ಸ್ಟೇಷನ್, ಅಬೆ ಚರ್ಚು, ಅಬೆ ಗ್ರೀನ್ ಎಲ್ಲ ತಗ್ಗಿನಲ್ಲಿ. ರಾಯಲ್ ಕ್ರೆಸೆಂಟ್ ವಾಯವ್ಯಕ್ಕೆ, ಏರು ಹತ್ತಿ ಹೋಗಬೇಕು. ಹೋಲ್ಬರ್ನ್ ಈಶಾನ್ಯಕ್ಕೆ, ನದಿ ದಾಟಿ. ಕ್ರೆಸೆಂಟ್‌ನಿಂದ ಹೋಲ್ಬರ್ನ್‌ಗೆ ನಡೆದರೆ ಇಪ್ಪತ್ತೈದು ನಿಮಿಷ ಬೇಕು, ವಯಸ್ಸಾದವರು ಜೊತೆಗಿದ್ದರೆ ನಲವತ್ತು. ಹಾಗಾಗಿ ಎರಡು ಗಂಟೆಯ ಯಾವ ಟೂರ್ ಆದರೂ ಇವೆರಡರಲ್ಲಿ ಒಂದನ್ನು ಬಿಡುವ ಸಾಧ್ಯತೆ ಇದ್ದೇ ಇರುತ್ತದೆ. ಬುಕ್ ಮಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಹೋಲ್ಬರ್ನ್‌ವರೆಗೆ ಹೋಗ್ತೀರಾ?

ಸೀರಿಯಲ್ ಟೂರ್: ಒಳ್ಳೆಯ ಗೈಡ್ ಸಿಕ್ಕರೆ ಮಾತ್ರ

ಬ್ರಿಜರ್ಟನ್ ಹೆಸರಿನಲ್ಲೇ ನಡೆಯುವ ಟೂರ್‌ಗಳು ಹಲವು. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆ, ತಲೆಗೆ ಇಪ್ಪತ್ತು ಪೌಂಡ್ ಆಸುಪಾಸು. ನಾಲ್ಕು ಜನರ ಮನೆಗೆ ಎಂಬತ್ತು ಪೌಂಡ್ ಅಂದರೆ ಕಡಿಮೆ ದುಡ್ಡೇನಲ್ಲ.

ಈ ದುಡ್ಡಿಗೆ ಸಿಗುವುದು ಏನು? ಅಬೆ ಗ್ರೀನ್‌ನ ಉದಾಹರಣೆ ತೆಗೆದುಕೊಳ್ಳಿ. ಸುಮ್ನೆ ಹೋದರೆ ಅಲ್ಲಿ ಕಾಣುವುದು ಇನ್ನೂರು ವರ್ಷ ದಾಟಿದ ದೊಡ್ಡ ಪ್ಲೇನ್ ಮರ, ಅದರ ಸುತ್ತ ಬೆಂಚು, ಮೂಲೆಯಲ್ಲಿ ಹೊಟ್ಟೆ ಉಬ್ಬಿದ ಕಿಟಕಿಯ ಒಂದು ಅಂಗಡಿ. ಅಷ್ಟೇ. ಒಳ್ಳೆಯ ಗೈಡ್ ನಿಮ್ಮನ್ನು ಮರದ ಒಂದು ಪಕ್ಕಕ್ಕೆ ಕರೆದು ನಿಲ್ಲಿಸಿ, ಟ್ಯಾಬ್ ಎತ್ತಿ ಹಿಡಿದು, ಸೀರಿಯಲ್‌ನ ಅದೇ ದೃಶ್ಯವನ್ನು ಆ ಕಿಟಕಿಯ ಪಕ್ಕಕ್ಕೇ ತಂದು ತೋರಿಸುತ್ತಾರೆ. ಆಗ ಕಿಟಕಿಯ ಚೌಕಟ್ಟಿನ ಗೆರೆಗೆ ಗೆರೆ ಕೂಡುತ್ತದೆ. ಬೋರ್ಡ್ ಬದಲಾಗಿದೆ, ಬಣ್ಣ ಬದಲಾಗಿದೆ, ನೆಲಕ್ಕೆ ಮಣ್ಣು ಹರಡಿದ್ದಾರೆ, ಚೌಕದ ಉಳಿದ ಭಾಗವನ್ನು ಕ್ಯಾಮೆರಾ ಜಾಣತನದಿಂದ ಕತ್ತರಿಸಿದೆ. ಒಂದೊಂದಾಗಿ ಬೆರಳಿಟ್ಟು ತೋರಿಸುತ್ತಾ ಹೋದಾಗ ಸೀರಿಯಲ್ ನೋಡಿದವರಿಗೆ ನಿಜಕ್ಕೂ ಖುಷಿ. ಇದು ನಾವಾಗಿಯೇ ಮಾಡಿಕೊಳ್ಳಲು ಕಷ್ಟ.

ಕೆಟ್ಟ ಗೈಡ್ ಸಿಕ್ಕರೆ? ಅಂಥದ್ದನ್ನೂ ಅನುಭವಿಸಿದ್ದೇನೆ. ಗುಂಪು ವಿಪರೀತ ದೊಡ್ಡದು, ಹಿಂದೆ ನಿಂತವರಿಗೆ ಮಾತು ಕೇಳುವುದಿಲ್ಲ, ಫೋಟೊ ಒಂದೂ ಇಲ್ಲ. ಪ್ರತಿ ಬಾಗಿಲ ಮುಂದೆ "ಇಲ್ಲಿ ಶೂಟಿಂಗ್ ಆಯಿತು" ಅಂತ ಹೇಳಿ ಮುಂದಕ್ಕೆ. ನಡುನಡುವೆ ನಟರ ಬಗ್ಗೆ ಗಾಸಿಪ್. ಅದಕ್ಕೆ ಇಪ್ಪತ್ತು ಪೌಂಡ್ ಯಾಕೆ ಕೊಡಬೇಕು, ಮನೆಯಲ್ಲೇ ಕೂತು ಫೋನ್ ನೋಡಿದರೆ ಸಾಕಲ್ಲ!

ಆದ್ದರಿಂದ ಬುಕಿಂಗ್ ಪೇಜಿನಲ್ಲಿ ಸ್ಟಾರ್ ಎಷ್ಟು ಅಂತ ನೋಡುವುದಕ್ಕಿಂತ ಬರೆದ ವಿಮರ್ಶೆಗಳನ್ನು ಓದಿ. ಗುಂಪಿನಲ್ಲಿ ಎಷ್ಟು ಜನ ಇದ್ದರು, ದೃಶ್ಯದ ಚಿತ್ರಗಳನ್ನು ತೋರಿಸಿದರಾ, ಇವೆರಡು ಸಿಕ್ಕರೆ ಸಾಕು. ಹದಿನೈದಕ್ಕಿಂತ ಜಾಸ್ತಿ ಜನ ಅಂದರೆ ನಾನು ಹಿಂದೆ ಸರಿಯುತ್ತೇನೆ. ಬಾತ್‌ನ ಫುಟ್‌ಪಾತ್ ಕೆಲವು ಕಡೆ ತೀರಾ ಕಿರಿದು. ಇನ್ನೊಂದು ವಿಷಯ. ಈ ಟೂರ್‌ಗಳಲ್ಲಿ ಹೆಚ್ಚಿನವು ಹೊರಗಿಂದಲೇ ನೋಡಿಸುತ್ತವೆ. ನಂಬರ್ 1ರ ಒಳಗೆ ಹೋಗಲು, ಅದು ಈಗ ಮ್ಯೂಸಿಯಂ ಆಗಿರುವುದರಿಂದ, ಬೇರೆ ಟಿಕೆಟ್ ಬೇಕು. ಒಳಗೆ ಹೋದರೆ ಫೆದರಿಂಗ್ಟನ್ನರ ಹಳದಿ-ಹಸಿರು ಕೋಣೆಗಳು ಸಿಗುತ್ತವೆ ಅಂದುಕೊಳ್ಳಬೇಡಿ. ಅವು ಸ್ಟುಡಿಯೊ ಸೆಟ್. ಮ್ಯೂಸಿಯಂನಲ್ಲಿರುವುದು ಹದಿನೆಂಟನೇ ಶತಮಾನದ ಶ್ರೀಮಂತರ ಮನೆ ಹೇಗಿತ್ತೋ ಹಾಗೆ ಜೋಡಿಸಿಟ್ಟ ಕೋಣೆಗಳು. ನನಗಂತೂ ಅದು ಸೀರಿಯಲ್‌ಗಿಂತ ಹಿಡಿಸಿತು, ಕೆಳಗಿನ ಕೆಲಸದವರ ಅಡುಗೆಮನೆ ಮುಖ್ಯವಾಗಿ.

ಸೀರಿಯಲ್ ಟೂರ್ ಯಾರಿಗೆ ಅಂದರೆ, ಎಲ್ಲ ಸೀಸನ್ ನೋಡಿ, ಯಾವ ಎಪಿಸೋಡ್‌ನಲ್ಲಿ ಯಾರು ಯಾವ ಗೌನ್ ಹಾಕಿದ್ದರು ಅಂತ ಹೇಳಬಲ್ಲವರಿಗೆ. ಅಂಥ ಮಗಳೋ ಸೊಸೆಯೋ ಮನೆಯಲ್ಲಿದ್ದರೆ ಅವರನ್ನು ಇದಕ್ಕೆ ಕಳಿಸಿ, ಉಳಿದವರು ಕಾಫಿ ಕುಡಿಯುತ್ತಾ ಕೂರಬಹುದು. ಸೀರಿಯಲ್ ನೋಡದ ಹಿರಿಯರನ್ನು ಜೊತೆಗೆ ಎಳೆದುಕೊಂಡು ಹೋಗುವುದು ಅವರಿಗೂ ಹಿಂಸೆ, ನಿಮಗೂ ಹಿಂಸೆ.

ಮೇಯರ್ ಗೈಡ್‌ಗಳು: ದುಡ್ಡಿಲ್ಲದೆ ಸಿಗುವ ಚಿನ್ನ

ಬಾತ್‌ನಲ್ಲಿ ಮೇಯರ್ ಹೆಸರಿನಲ್ಲಿ ಕೆಲಸ ಮಾಡುವ ಸ್ವಯಂಸೇವಕ ಗೈಡ್‌ಗಳ ತಂಡವೊಂದಿದೆ. 1934ರಿಂದ ನಡೆದುಬಂದಿದೆ. ಅಬೆ ಚರ್ಚಿನ ಮುಂದಿನ ಅಂಗಳದಲ್ಲಿ, ಪಂಪ್ ರೂಮ್ ಹೊರಗೆ ಬಂದು ನಿಂತರೆ ಸಾಕು, ಒಂಟಿಯಾಗಿ ಅಥವಾ ಮನೆಮಂದಿ ಜೊತೆ ಬರುವವರಿಗೆ ಬುಕಿಂಗ್ ಬೇಡ. ಸುಮಾರು ಎರಡು ಗಂಟೆ ಸುತ್ತಿಸುತ್ತಾರೆ. ಟಿಪ್ಸ್ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ.

ಇಲ್ಲೊಂದು ಗೊಂದಲ ಇದೆ. ಯೂರೋಪಿನ ಎಲ್ಲ ಊರುಗಳ ಹಾಗೆ ಇಲ್ಲೂ "ಫ್ರೀ ಟೂರ್" ಅಂತ ಬೋರ್ಡ್ ಹಾಕಿ, ಕೊನೆಯಲ್ಲಿ ಕೈಲಾದಷ್ಟು ಕೊಡಿ ಅನ್ನುವವರು ಇದ್ದಾರೆ. ಅದು ತಪ್ಪಲ್ಲ, ಅವರ ಹೊಟ್ಟೆಪಾಡು ಅದು. ಆದರೆ ಅಂಥ ಟೂರ್‌ಗೆ ಹೋದರೆ ತಲೆಗೆ ಹತ್ತು ಪೌಂಡ್ ಆದರೂ ಕೊಡುವ ಲೆಕ್ಕ ಇಟ್ಟುಕೊಳ್ಳಿ. ಮೇಯರ್ ಗೈಡ್‌ಗಳದ್ದು ನಿಜಕ್ಕೂ ಉಚಿತ.

ಇವರು ಸೀರಿಯಲ್ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಕೇಳಿದರೆ ನಗುತ್ತಾ ಒಂದೆರಡು ಮಾತು ಹೇಳುತ್ತಾರೆ, ಕೆಲವರು ಸ್ವಲ್ಪ ಮುಖ ಸಿಂಡರಿಸುವುದೂ ಉಂಟು. ಆದರೆ ಸೀರಿಯಲ್‌ನವರು ಈ ಊರನ್ನೇ ಯಾಕೆ ಆರಿಸಿಕೊಂಡರು ಅನ್ನುವುದು ಅರ್ಥವಾಗುವುದು ಇವರ ಜೊತೆ ನಡೆದಾಗಲೇ.

ರಾಯಲ್ ಕ್ರೆಸೆಂಟ್ ಮುಂದೆ ನಿಂತಾಗ ಗೊತ್ತಾಯಿತು. ಮೂವತ್ತು ಮನೆಗಳು, 114 ಕಂಬಗಳು, ಒಂದೇ ಬಿಲ್ಲಿನ ಹಾಗೆ ಬಾಗಿದ ಸಾಲು. 1767ರಲ್ಲಿ ಶುರುವಾಗಿ ಏಳೆಂಟು ವರ್ಷದಲ್ಲಿ ಮುಗಿದ ಕೆಲಸ. ಕಟ್ಟಿಸಿದ ಜಾನ್ ವುಡ್ ದ ಯಂಗರ್ ರೂಪಿಸಿದ್ದು ಮುಂಭಾಗ ಮಾತ್ರ. ಕೊಂಡವರು ಆ ಮುಖದ ಹಿಂದೆ ತಮಗೆ ಬೇಕಾದ ಹಾಗೆ ಮನೆ ಕಟ್ಟಿಕೊಂಡರು. ಹಿಂದಿನ ಬೀದಿಗೆ ಹೋಗಿ ನೋಡಿದರೆ ಒಂದು ಮನೆ ಉಬ್ಬಿದೆ, ಇನ್ನೊಂದು ತಗ್ಗಿದೆ, ಕಿಟಕಿಗೆ ಕಿಟಕಿ ಸಾಲಿಲ್ಲ, ಪೈಪುಗಳು ಎಲ್ಲೆಂದರಲ್ಲಿ. ಅಂದರೆ ಇದು ಹುಟ್ಟಿನಿಂದಲೇ ಸಿನಿಮಾ ಸೆಟ್! ಮುಂದಿನಿಂದ ನೋಡಲಿ ಅಂತಲೇ ಕಟ್ಟಿದ್ದು. ಬಾಡಿಗೆಗೆ ಬಂದ ಸಾಮಾನ್ಯ ಶ್ರೀಮಂತನಿಗೂ ತಾನು ಅರಮನೆಯಲ್ಲಿದ್ದೇನೆ ಅನ್ನಿಸಬೇಕು, ಆ ಲೆಕ್ಕ.

ಮುಂದಿನ ಹುಲ್ಲುಹಾಸಿನಲ್ಲೂ ಒಂದು ಆಟ ಇದೆ. ಮೇಲಿನ ಅರ್ಧ ಅಲ್ಲಿನ ನಿವಾಸಿಗಳದ್ದು, ಕೆಳಗಿನದ್ದು ಸಾರ್ವಜನಿಕ ಪಾರ್ಕು. ನಡುವೆ ಬೇಲಿ ಕಾಣುವುದಿಲ್ಲ. ಹತ್ತಿರ ಹೋದರೆ ಹಳ್ಳ ತೋಡಿ ಒಳಗೆ ಗೋಡೆ ಕಟ್ಟಿದ್ದಾರೆ. ಮನೆಯಿಂದ ನೋಡುವವರಿಗೆ ಹುಲ್ಲು ಎಡೆಬಿಡದೆ ಹರಡಿದ ಹಾಗೆ, ದನ-ಕುರಿ ಮಾತ್ರ ಮೇಲೆ ಬರುವಂತಿಲ್ಲ. ಬಾಗಿಲುಗಳೆಲ್ಲ ಬಿಳಿ, ಒಂದು ಮಾತ್ರ ಹಳದಿ. 1970ರ ದಶಕದಲ್ಲಿ ನಂಬರ್ 22ರ ಒಡತಿ ಹಳದಿ ಬಳಿಸಿದರು, ಊರಿನ ಆಡಳಿತ ಬೇಡ ಅಂದಿತು, ಜಟಾಪಟಿ ಜೋರಾಗಿ ನಡೆದು ಕೊನೆಗೆ ಆಕೆಯೇ ಗೆದ್ದರು.

ಅಲ್ಲಿಂದ ಸರ್ಕಸ್ ಅನ್ನುವ ದುಂಡು ಚೌಕಕ್ಕೆ ಬರುತ್ತಾರೆ. 1754ರಲ್ಲಿ ಅಪ್ಪ ಜಾನ್ ವುಡ್ ಶುರು ಮಾಡಿದ್ದು, ಮಗ ಮುಗಿಸಿದ್ದು. ಸುತ್ತ 33 ಮನೆಗಳು, ನಡುವೆ ಭಾರಿ ಮರಗಳು. ನಡುಮಧ್ಯೆ ನಿಂತು ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿ ಬರುತ್ತದೆ, ಮಕ್ಕಳಿಗೆ ಅದು ಇಡೀ ದಿನದ ಹೈಲೈಟ್. ನಮಗೆ ಮುಖ್ಯವಾಗುವುದು ನಂಬರ್ 14. ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವ್ ಇದ್ದ ಮನೆ ಅಂತ ಫಲಕ ಹಾಕಿದ್ದಾರೆ. ಈ ಜೇನುಬಣ್ಣದ ಊರನ್ನು ತುಂಬಿಸಿದ ದುಡ್ಡು ಎಲ್ಲಿಂದ ಬಂತು ಅಂತ ಕೇಳಬೇಕಾದ ಜಾಗ ಇದೇ. ಒಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಇನ್ನೊಂದು ಕಡೆ ವೆಸ್ಟ್ ಇಂಡೀಸಿನ ಕಬ್ಬಿನ ತೋಟ, ಗುಲಾಮರ ದುಡಿಮೆ. ಅಬೆ ಚರ್ಚಿನ ಒಳಗೋಡೆಯಲ್ಲಿ ಆರು ನೂರಕ್ಕೂ ಹೆಚ್ಚು ಸ್ಮಾರಕ ಫಲಕಗಳಿವೆ. ಓದುತ್ತಾ ಹೋದರೆ ಭಾರತದಲ್ಲಿ ಕೆಲಸ ಮಾಡಿ ಬಂದವರ ಹೆಸರು ಸಿಗುತ್ತಲೇ ಇರುತ್ತದೆ. ಎರಡನೇ ಸೀಸನ್‌ನಲ್ಲಿ ಬಾಂಬೆಯಿಂದ ಬಂದ ಶರ್ಮಾ ಅಕ್ಕ-ತಂಗಿಯರನ್ನು ಲಂಡನ್ನಿನ ಶ್ರೀಮಂತರು ಕೈ ಹಿಡಿದು ಸ್ವಾಗತಿಸುವುದನ್ನು ನೋಡಿ, ಮದುವೆ ಮನೆಯ ಅರಿಶಿನ ಶಾಸ್ತ್ರಕ್ಕೆ ಕಣ್ಣು ಒದ್ದೆ ಮಾಡಿಕೊಂಡವರೂ ಒಮ್ಮೆ ಈ ಫಲಕಗಳನ್ನು ನೋಡಬೇಕು. ಸೀರಿಯಲ್ ಟೂರ್‌ಗಳಲ್ಲಿ ಈ ಮಾತು ಬರುವುದು ಕಡಿಮೆ. ಮೇಯರ್ ಗೈಡ್‌ಗಳನ್ನು ಕೇಳಿದರೆ ಹೆಚ್ಚಿನವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಕೊರತೆ ಇಲ್ಲವೇ ಇಲ್ಲ ಅಂತಲ್ಲ. ಯಾರು ಸಿಗುತ್ತಾರೆ ಅನ್ನುವುದು ಅದೃಷ್ಟ. ಒಬ್ಬರು ರೋಮನ್ನರ ಕಾಲವನ್ನೇ ಎಳೆಯುತ್ತಾರೆ, ಇನ್ನೊಬ್ಬರಿಗೆ ಕಟ್ಟಡದ ಹುಚ್ಚು. ಇಂಗ್ಲಿಷ್ ಮಾತು ವೇಗ, ಊರಿಂದ ಬಂದವರಿಗೆ ಒಮ್ಮೊಮ್ಮೆ ಹಿಡಿಯುವುದಿಲ್ಲ. ನಡುವೆ ಕೂರಲು ಬಿಡುವು ಕಡಿಮೆ. ಹೋಲ್ಬರ್ನ್‌ವರೆಗೆ ಕರೆದುಕೊಂಡು ಹೋಗುತ್ತಾರೆ ಅಂತ ನಂಬಿ ಕೂರಬೇಡಿ.

ಜೇನ್ ಆಸ್ಟಿನ್ ಟೂರ್: ಓದಿದವರಿಗೆ

ಜೇನ್ ಆಸ್ಟಿನ್ 1801ರಿಂದ 1806ರವರೆಗೆ ಬಾತ್‌ನಲ್ಲಿ ಇದ್ದಳು. ಅವಳ ಎರಡು ಕಾದಂಬರಿಗಳ ಬಹುಭಾಗ ಇಲ್ಲೇ ನಡೆಯುತ್ತದೆ. ಬ್ರಿಜರ್ಟನ್‌ಗೂ ಅವಳಿಗೂ ನೇರ ಸಂಬಂಧ ಇಲ್ಲ. ಆದರೆ ಆ ಬಾಲ್, ಆ ವರಾನ್ವೇಷಣೆ, ಆ ಗಾಸಿಪ್ ಎಲ್ಲದರ ಅಸಲಿ ಸಾಕ್ಷಿ ಅವಳೇ. ಈ ಟೂರ್‌ಗಳು ಗೇ ಸ್ಟ್ರೀಟ್‌ನ ಅವಳ ಮನೆ, ಅಸೆಂಬ್ಲಿ ರೂಮ್ಸ್, ಅವಳ 'ಪರ್ಸುಯೇಷನ್' ಕಾದಂಬರಿಯ ಪ್ರೇಮಿಗಳು ಕೊನೆಗೆ ಒಟ್ಟಿಗೆ ನಡೆಯುವ ಗ್ರಾವೆಲ್ ವಾಕ್, ಹೀಗೆ ಸಾಗುತ್ತವೆ. ಅದೇ ಕಾದಂಬರಿಯ ಟಿವಿ, ಸಿನಿಮಾ ರೂಪಗಳಿಗೂ ಬಾತ್‌ನಲ್ಲಿ ಶೂಟಿಂಗ್ ಆಗಿರುವುದರಿಂದ ಸಿನಿಮಾ ಜಾಗಗಳೂ ದಾರಿಯಲ್ಲೇ ಸಿಗುತ್ತವೆ.

ಪುಸ್ತಕ ಓದಿದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಓದದೆ ಹೋದರೆ ಅರ್ಧ ಮಾತು ತಲೆ ಮೇಲೆ ಹಾದುಹೋಗುತ್ತದೆ. ನಡುವಿನ ದಾರಿ ಅಂದರೆ ಹೋಗುವ ಮುಂಚೆ ಒಂದು ಸಿನಿಮಾ ನೋಡಿಕೊಳ್ಳುವುದು.

ಲಂಡನ್‌ನಿಂದ ಬಸ್

ಬೇಡ. ಬೆಳಿಗ್ಗೆ ಹೊರಟು ಸ್ಟೋನ್‌ಹೆಂಜ್, ವಿಂಡ್ಸರ್ ಎಲ್ಲ ಮುಟ್ಟಿಕೊಂಡು ಬಾತ್‌ಗೆ ಬರುವ ಹೊತ್ತಿಗೆ ಕೈಯಲ್ಲಿ ಎರಡು ಗಂಟೆ ಉಳಿದರೆ ಪುಣ್ಯ. ಅದರಲ್ಲಿ ರೋಮನ್ ಬಾತ್ಸ್ ನೋಡುವುದೋ, ಊಟ ಮಾಡುವುದೋ, ಕ್ರೆಸೆಂಟ್ ಹತ್ತುವುದೋ? ಸೀರಿಯಲ್ ಟೂರ್‌ನ ನಾಲ್ಕೈದು ಪಟ್ಟು ದುಡ್ಡು ಬೇರೆ. ಲಂಡನ್‌ನಲ್ಲೇ ಉಳಿದಿರುವವರು ರೈಲು ಟಿಕೆಟ್ ಮುಂಚೆಯೇ ತೆಗೆದಿಟ್ಟುಕೊಂಡರೆ ಕಡಿಮೆ ದುಡ್ಡಿನಲ್ಲಿ ಇಡೀ ದಿನ ಇಲ್ಲೇ ಕಳೆಯಬಹುದು. ಒಂದೇ ದಿನ ಇದೆ, ಸ್ಟೋನ್‌ಹೆಂಜ್ ನೋಡದೆ ಊರಿಗೆ ಹೋಗುವಂತಿಲ್ಲ ಅನ್ನುವವರಿಗೆ ಮಾತ್ರ ಬಸ್ ಸರಿ.

ಪ್ರೈವೇಟ್ ಗೈಡ್ ಬಗ್ಗೆ ಒಂದು ಮಾತು. ಇವರ ಫೀಸು ತಲೆಗಲ್ಲ, ಗುಂಪಿಗೆ. ಎರಡು ಮೂರು ಮನೆಯವರು ಸೇರಿ ಎಂಟು ಹತ್ತು ಜನ ಆದರೆ ತಲೆಗೆ ಬೀಳುವುದು ಸೀರಿಯಲ್ ಟೂರ್‌ಗಿಂತ ಅಷ್ಟೇನೂ ಜಾಸ್ತಿ ಆಗುವುದಿಲ್ಲ. ನಿಧಾನಕ್ಕೆ ನಡೆಯಿರಿ, ಈ ಏರು ಬೇಡ, ಅಮ್ಮನಿಗೆ ಬಾತ್‌ರೂಮ್ ಎಲ್ಲಿದೆ ಅಂತ ಸಂಕೋಚ ಇಲ್ಲದೆ ಹೇಳಬಹುದು. ಮೊಣಕಾಲು ನೋವಿನವರು ಜೊತೆಗಿದ್ದರೆ ನಾನು ಇದನ್ನೇ ಆರಿಸುತ್ತೇನೆ.

ತಾವೇ ಸುತ್ತುವುದಾದರೆ

ಇದಕ್ಕೆ ಬೇಕಾಗಿರುವುದು ಫೋನು, ಒಳ್ಳೆಯ ಶೂ, ಮತ್ತು ಮುಂಚಿನ ರಾತ್ರಿ ಮಾಡಿಟ್ಟ ಅರ್ಧ ಗಂಟೆಯ ತಯಾರಿ. ನೋಡಬೇಕಾದ ದೃಶ್ಯಗಳ ಸ್ಕ್ರೀನ್‌ಶಾಟ್ ಅಥವಾ ಚಿತ್ರಗಳನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಗೈಡ್ ಟ್ಯಾಬ್ ಹಿಡಿದು ಮಾಡುವ ಕೆಲಸ ಅರ್ಧ ಆಯಿತು. ಆಡಿಯೊ ಟೂರ್ ಆ್ಯಪ್‌ಗಳೂ ಇವೆ. ಒಂದು ಕಿವಿಗೆ ಸಿಗಿಸಿಕೊಂಡು ಒಬ್ಬರೇ ತಿರುಗುವವರಿಗೆ ಅವು ಪರವಾಗಿಲ್ಲ. ಮನೆಮಂದಿ ಜೊತೆ ಹೋದಾಗ ಎಲ್ಲರೂ ಇಯರ್‌ಫೋನ್ ಹಾಕಿಕೊಂಡು ಮೂಕರ ಹಾಗೆ ನಡೆಯುವುದು ನನಗೆ ಹಿಡಿಸುವುದಿಲ್ಲ.

ದಾರಿ ಹೀಗೆ ಇಟ್ಟುಕೊಳ್ಳಿ. ಸ್ಟೇಷನ್ನಿಂದ ಮೊದಲು ಅಬೆ ಗ್ರೀನ್, ಬೆಳಿಗ್ಗೆ ಒಂಬತ್ತರ ಒಳಗೆ. ಆಗ ಅಂಗಡಿ ಮುಂದೆ ಜನ ಇರುವುದಿಲ್ಲ, ಫೋಟೊ ಚೆನ್ನಾಗಿ ಬರುತ್ತದೆ. ಅಲ್ಲಿಂದ ಬಾತ್ ಸ್ಟ್ರೀಟ್, ಬ್ಯೂಫರ್ಡ್ ಸ್ಕ್ವೇರ್. ಆಮೇಲೆ ಮೇಲಕ್ಕೆ. ಎಲ್ಲರೂ ಗೇ ಸ್ಟ್ರೀಟ್ ಹತ್ತಿ ಏದುಸಿರು ಬಿಡುತ್ತಾರೆ. ಅದರ ಬದಲು ಗ್ರಾವೆಲ್ ವಾಕ್ ಹಿಡಿಯಿರಿ. ಮನೆಗಳ ಹಿತ್ತಿಲ ಪಕ್ಕದಲ್ಲಿ ಸಾಗುವ ಅಗಲವಾದ ಕಾಲುದಾರಿ, ಏರು ಮೆಲ್ಲಗೆ, ನೆರಳು ಬೇರೆ. ಆ ಕಾಲದಲ್ಲಿ ಪಲ್ಲಕ್ಕಿಯಂಥ ಕುರ್ಚಿಯಲ್ಲಿ ಜನರನ್ನು ಹೊತ್ತೊಯ್ಯುತ್ತಿದ್ದ ದಾರಿ ಇದು, ಹೊರುವವರಿಗೆ ಅನುಕೂಲ ಆಗಿದ್ದು ನಮಗೂ ಅನುಕೂಲ. ನೇರ ರಾಯಲ್ ಕ್ರೆಸೆಂಟ್ ಹತ್ತಿರ ಬಿಡುತ್ತದೆ.

ಕ್ರೆಸೆಂಟ್, ಸರ್ಕಸ್ ಮುಗಿಸಿ ಆಲ್ಫ್ರೆಡ್ ಸ್ಟ್ರೀಟ್ ಪಕ್ಕದ ಅಸೆಂಬ್ಲಿ ರೂಮ್ಸ್‌ಗೆ ಬನ್ನಿ. 1771ರಲ್ಲಿ ತೆರೆದ ಕಟ್ಟಡ. 1942ರ ಬಾಂಬ್ ದಾಳಿಯಲ್ಲಿ ಒಳಗೆಲ್ಲ ಸುಟ್ಟುಹೋಗಿ, ಮತ್ತೆ ಹಳೆಯ ಹಾಗೇ ಕಟ್ಟಿ 1963ರಲ್ಲಿ ತೆರೆದರು. ಅಂದರೆ ಲೇಡಿ ಡ್ಯಾನ್ಬರಿಯ ಬಾಲ್ ನಡೆದ ಹಾಲ್‌ನ ಗೋಡೆಬಣ್ಣ, ಗಾರೆ ಕೆಲಸ ಎಲ್ಲ ಇಪ್ಪತ್ತನೇ ಶತಮಾನದ್ದು. 2023ರಲ್ಲಿ ಕಟ್ಟಡ ಮರಳಿ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಕೈಗೆ ಬಂದ ಮೇಲೆ ದೊಡ್ಡ ಕೆಲಸ ಕೈಗೆತ್ತಿಕೊಂಡಿದ್ದಾರೆ. ಒಳಗೆ ಬಿಡುತ್ತಾರಾ ಅಂತ ಹೊರಡುವ ಮೊದಲು ಅವರ ವೆಬ್‌ಸೈಟ್ ನೋಡಿಕೊಳ್ಳಿ. ಯಾವುದಾದರೂ ಟೂರ್‌ನವರು "ಬಾಲ್‌ರೂಮ್ ಒಳಗೆ ಪ್ರವೇಶ" ಅಂತ ಬರೆದಿದ್ದರೆ ಅವರಿಗೂ ಒಂದು ಮೇಲ್ ಹಾಕಿ ಕೇಳಿ.

ಊಟಕ್ಕೆ ಮಿಲ್ಸಮ್ ಸ್ಟ್ರೀಟ್ ಇಳಿದು ಬನ್ನಿ. ಸಸ್ಯಾಹಾರಕ್ಕೆ ಈ ಊರಿನಲ್ಲಿ ತೊಂದರೆ ಇಲ್ಲ. ಹಳೆಯ ತಿಂಡಿ ಬೇಕು ಅಂದರೆ ಅಬೆ ಹತ್ತಿರ ಸ್ಯಾಲಿ ಲನ್ ಬನ್ ಸಿಗುತ್ತದೆ, ಅಂಗೈಗಿಂತ ದೊಡ್ಡದು, ಮೆತ್ತಗೆ, ದಾಲ್ಚಿನ್ನಿ ಬೆಣ್ಣೆ ಹಚ್ಚಿದ್ದು ನನ್ನ ಆಯ್ಕೆ. ಸರದಿ ಸಾಲು ಉದ್ದ ಇರುತ್ತದೆ.

ಊಟ ಆದ ಮೇಲೆ ಪಲ್ಟ್ನಿ ಸೇತುವೆ ದಾಟಿ ಗ್ರೇಟ್ ಪಲ್ಟ್ನಿ ಸ್ಟ್ರೀಟ್. ನೆಲ ಸಮ, ಅಗಲ ರಸ್ತೆ, ಕೊನೆಯಲ್ಲಿ ಹೋಲ್ಬರ್ನ್ ಕಾಣುತ್ತಿರುತ್ತದೆ. ನನಗೆ ಇಡೀ ಬಾತ್‌ನಲ್ಲಿ ಇಷ್ಟವಾದ ನಡಿಗೆ ಇದೇ. ಮೀರಾ ನಾಯರ್ 2004ರಲ್ಲಿ ಬಿಡುಗಡೆಯಾದ ತಮ್ಮ 'ವ್ಯಾನಿಟಿ ಫೇರ್' ಸಿನಿಮಾಗೆ ಈ ಬೀದಿಯಲ್ಲಿ ಶೂಟಿಂಗ್ ಮಾಡಿದ್ದರು, ಬ್ರಿಜರ್ಟನ್ ಬರುವುದಕ್ಕೆ ಎಷ್ಟೋ ವರ್ಷ ಮೊದಲು. ಹೋಲ್ಬರ್ನ್ ಕಟ್ಟಡ 1796ರ ಹೊತ್ತಿಗೆ ಹೋಟೆಲ್ ಆಗಿ ಎದ್ದಿದ್ದು, ಹಿಂದೆ ಸಿಡ್ನಿ ಗಾರ್ಡನ್ಸ್ ಅನ್ನುವ ಮೋಜಿನ ತೋಟ. ಕಟ್ಟಡದ ಬೆನ್ನಿಗೆ 2011ರಲ್ಲಿ ಗಾಜಿನ ಹೊಸ ಭಾಗ ಸೇರಿಸಿದ್ದಾರೆ. ಸೀರಿಯಲ್‌ನಲ್ಲಿ ಲೇಡಿ ಡ್ಯಾನ್ಬರಿಯ ಮನೆಯ ಹಿಂಭಾಗ ಯಾಕೆ ತೋರಿಸುವುದಿಲ್ಲ ಅಂತ ಅಲ್ಲಿ ಹೋದರೆ ಗೊತ್ತಾಗುತ್ತದೆ.

ಎದುರಿನ ಸಿಡ್ನಿ ಪ್ಲೇಸ್ ಸಾಲನ್ನು ಹೆಚ್ಚಿನ ಸೀರಿಯಲ್ ಟೂರ್‌ಗಳು ಓಡಿಕೊಂಡು ದಾಟುತ್ತವೆ. ನಿಂತು ನೋಡಿ. ನಂಬರ್ 4ರಲ್ಲಿ ಜೇನ್ ಆಸ್ಟಿನ್ ಮನೆಮಂದಿ ಬಾಡಿಗೆಗೆ ಇದ್ದರು. ಅದೇ ಸಾಲಿನ ಮುಂದಿನ ಭಾಗದಲ್ಲಿ, 1817ರಲ್ಲಿ, ರಾಣಿ ಶಾರ್ಲಟ್ ಬಂದು ಉಳಿದಿದ್ದಳು. ಸೀರಿಯಲ್‌ನಲ್ಲಿ ದೊಡ್ಡ ವಿಗ್ ಹಾಕಿಕೊಂಡು ಎಲ್ಲರನ್ನೂ ಆಡಿಸುವ ರಾಣಿಯ ಅಸಲಿ ರೂಪ ಅವಳು. ಸೀರಿಯಲ್‌ನ ಲೇಡಿ ಡ್ಯಾನ್ಬರಿ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ನಿಜವಾದ ರಾಣಿ ಬಾತ್‌ನ ಬಿಸಿನೀರಿನ ಬುಗ್ಗೆಯ ಚಿಕಿತ್ಸೆಗೆ ಬಂದು ಕೂತಿದ್ದಳು ಅನ್ನುವುದು ಯಾವ ಸ್ಕ್ರಿಪ್ಟ್‌ಗಿಂತ ಕಡಿಮೆ?

ಸಮಯದ ಬಗ್ಗೆಯೂ ಸ್ವಲ್ಪ ಯೋಚಿಸಿ. ಮೇಯರ್ ಗೈಡ್‌ಗಳ ಬೆಳಗಿನ ಟೂರ್‌ಗೆ ಸೇರುವುದಾದರೆ ಕ್ರೆಸೆಂಟ್, ಸರ್ಕಸ್ ಅವರ ಜೊತೆಗೇ ಮುಗಿಯುತ್ತದೆ. ಆಗ ಅಬೆ ಗ್ರೀನ್ ಅದಕ್ಕೆ ಮೊದಲು, ಹೋಲ್ಬರ್ನ್ ಊಟದ ನಂತರ. ಜುಲೈ-ಆಗಸ್ಟ್‌ನಲ್ಲಿ ಶನಿವಾರ ತಪ್ಪಿಸಿ, ವಾರದ ನಡುವಿನ ದಿನ ಹೋಗಿ. ಕೊಡೆಗಿಂತ ತಲೆಗೆ ಟೋಪಿ ಇರುವ ಮಳೆ ಜಾಕೆಟ್ ವಾಸಿ, ಕ್ರೆಸೆಂಟ್ ಮುಂದೆ ಗಾಳಿ ಜೋರು. ಆ ರಸ್ತೆಗೆ ಕಲ್ಲು ಹಾಸಿದ್ದಾರೆ, ಸೀರೆ ಉಟ್ಟು ಚಪ್ಪಲಿಯಲ್ಲಿ ಬಂದ ಅಮ್ಮಂದಿರಿಗೆ ಮಳೆ ಬಿದ್ದಾಗ ಕಾಲು ಜಾರುತ್ತದೆ. ಇನ್ನು ಸೆಪ್ಟೆಂಬರ್‌ನಲ್ಲಿ ಜೇನ್ ಆಸ್ಟಿನ್ ಉತ್ಸವದ ದಿನಗಳಲ್ಲಿ ನೂರಾರು ಜನ ಆ ಕಾಲದ ಗೌನ್, ಕೋಟು, ಬಾನೆಟ್ ಹಾಕಿಕೊಂಡು ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ. ಸೀರಿಯಲ್ ಹುಚ್ಚಿನವರು ಬರಬೇಕಾದ್ದು ಆಗಲೇ. ಆದರೆ ಹೋಟೆಲ್ ರೂಮ್ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಮೂಗಿಗಿಂತ ಮೂಗುತಿ ಭಾರ. ಬ್ರಿಸ್ಟಲ್‌ನಲ್ಲಿ ಉಳಿದುಕೊಂಡು ಬೆಳಿಗ್ಗೆ ರೈಲಿನಲ್ಲಿ ಬಂದು ಹೋಗಿ.